ಹೊಸ ಗಾಡಿ, ಹಳೆಯ ಸಬೂಬು



ನಿಮ್ಮ ಮನೆಗೆ ಹೊಸ ಕಾರೋ ಸ್ಕೂಟರೋ ಬಂದ ದಿನವನ್ನು ನೆನಪಿಸಿಕೊಳ್ಳಿ. ಬಾನೆಟ್ಟಿನ ಮೇಲೆ ಹೂವಿನ ಹಾರ, ಚಕ್ರದಡಿಯಲ್ಲಿ ನಿಂಬೆಹಣ್ಣು, ಅಕ್ಕಪಕ್ಕದ ಮನೆಗಳಿಗೆ ಸಿಹಿ. ಸೀಟಿನ ಪ್ಲಾಸ್ಟಿಕ್ ಹೊದಿಕೆ ತೆಗೆಯಲೂ ಮನಸ್ಸು ಬರುವುದಿಲ್ಲ. ಆ ಸಂಭ್ರಮದ ಹಿಂದೆ ಅಪ್ಪ ಅಮ್ಮನ ಎಷ್ಟೋ ವರ್ಷಗಳ ಉಳಿತಾಯವಿರುತ್ತದೆ, ಬ್ಯಾಂಕಿನ ಸಾಲವಿರುತ್ತದೆ, ಇನ್ನೂ ಕಟ್ಟಬೇಕಾದ ಕಂತುಗಳಿರುತ್ತವೆ. ಹೀಗಿರುವಾಗ ಎರಡನೆಯ ವಾರದಲ್ಲೇ ಗಾಡಿಯೊಳಗಿಂದ ಏನೋ ಸದ್ದು ಬರತೊಡಗಿದರೆ? ಶೋರೂಮಿಗೆ ಹೋಗಿ ಕೇಳಿದಾಗ, "ಹೊಸ ಗಾಡಿ ಅಲ್ವಾ ಸಾರ್, ಸ್ವಲ್ಪ ಓಡ್ಲಿ, ತಾನೇ ಸರಿ ಹೋಗುತ್ತೆ" ಎಂಬ ಉತ್ತರ ಬಂದರೆ?

ಆಗ ಏನು ಮಾಡಬೇಕು ಎಂಬುದೇ ಈ ಸಲದ ನಮ್ಮ ಮಾತುಕತೆಯ ವಿಷಯ. ಕಿರುತೆರೆಯ ಅರ್ಧ ಗಂಟೆಯಲ್ಲಿ ಹೇಳಿ ಮುಗಿಸಲಾಗದ ಕೆಲವು ಸಂಗತಿಗಳನ್ನು ಇಲ್ಲಿ ವಿವರಿಸುತ್ತೇನೆ. ನಾನು ಓದಿದ್ದು ಭೌತಶಾಸ್ತ್ರ, ಮಾಡುತ್ತಿರುವುದು ಕಾರ್ಯಕ್ರಮ ನಿರ್ಮಾಣದ ಕೆಲಸ, ಕಾನೂನು ಪಂಡಿತನಲ್ಲ. ಆದರೆ ಈ ವಿಷಯದ ಮೊದಲ ಪಾಠ ನನಗೆ ಸಿಕ್ಕಿದ್ದು ಪುಸ್ತಕದಿಂದಲ್ಲ, ನನ್ನದೇ ಗಾಡಿಯಿಂದ.

ಎಪ್ಪತ್ತೈದರ ನಡುಕ

ಕೆಲವು ವರ್ಷಗಳ ಹಿಂದೆ ಬೆಂಗಳೂರಿನಲ್ಲಿ ಒಂದು ಸಣ್ಣ ಕಾರು ಕೊಂಡೆ. ಊರೊಳಗೆ ಓಡಿಸುವಾಗ ಯಾವ ತೊಂದರೆಯೂ ಇರಲಿಲ್ಲ. ಮೊದಲ ಬಾರಿ ತುಮಕೂರು ರಸ್ತೆಗೆ ಇಳಿಸಿದಾಗ, ವೇಗ 75 ಕಿಲೋಮೀಟರ್ ದಾಟುತ್ತಿದ್ದಂತೆ ಸ್ಟೀರಿಂಗ್ ಚಕ್ರ ಕೈಯಲ್ಲಿ ನಡುಗತೊಡಗಿತು. 90 ದಾಟಿದರೆ ನಡುಕ ಬಹುಮಟ್ಟಿಗೆ ನಿಂತುಹೋಗುತ್ತಿತ್ತು. ಹಿಂದಿನ ಸೀಟಿನಲ್ಲಿ ಕುಳಿತಿದ್ದ ನನ್ನ ತಾಯಿ, "ಇದೇನೋ, ಎತ್ತಿನ ಗಾಡಿ ಥರ ಅಲ್ಲಾಡುತ್ತೆ?" ಎಂದು ಕೇಳಿಯೇಬಿಟ್ಟರು.

ಡೀಲರ್ ಬಳಿಗೆ ಹೋದೆ. ಸರ್ವಿಸ್ ವಿಭಾಗದ ಹುಡುಗ ಗಾಡಿಯನ್ನು ಆವರಣದೊಳಗೇ ಎರಡು ಸುತ್ತು ಓಡಿಸಿ, "ಏನೂ ಇಲ್ಲ ಸಾರ್" ಎಂದ. ಜಾಬ್ ಕಾರ್ಡಿನಲ್ಲಿ "ಜನರಲ್ ಚೆಕಪ್" ಎಂದಷ್ಟೇ ಬರೆದಿತ್ತು. ನಾನು ಓದದೆ ಸಹಿ ಹಾಕಿದೆ. ಎರಡನೆಯ ಸಲ ವೀಲ್ ಬ್ಯಾಲೆನ್ಸಿಂಗ್ ಮಾಡಿಕೊಟ್ಟರು, ನಡುಕ ಹೋಗಲಿಲ್ಲ. ಮೂರನೆಯ ಸಲ, "ಇದು ಟೈರಿನ ಪ್ರಾಬ್ಲಂ ಸಾರ್, ಟೈರ್ ಕಂಪನಿಯವರನ್ನ ಕೇಳಿ" ಎಂದರು. ನಾನು ಧ್ವನಿ ಏರಿಸಿದೆ. ಮ್ಯಾನೇಜರ್ ನಗುತ್ತಲೇ ಟೀ ತರಿಸಿದರು. ಟೀ ಕುಡಿದು ಅದೇ ಗಾಡಿಯಲ್ಲಿ ಮನೆಗೆ ಬಂದೆ.

ಆ ರಾತ್ರಿ ಊಟಕ್ಕೆ ಕುಳಿತಾಗ ಪಿಯುಸಿ ಓದುತ್ತಿದ್ದ ಮಗಳು ಒಂದೇ ಪ್ರಶ್ನೆ ಕೇಳಿದಳು: "ಅಪ್ಪಾ, ಎಷ್ಟು ಸ್ಪೀಡಲ್ಲಿ ಶುರುವಾಗುತ್ತೆ, ಯಾವ ಗೇರಲ್ಲಿ, ಅಂತ ಎಲ್ಲಾದ್ರೂ ಬರ್ಕೊಂಡಿದ್ದೀರಾ? ರೀಡಿಂಗ್ ಬರೀದೆ ಹೋದ್ರೆ ನಮ್ಮ ಮೇಡಂ ರೆಕಾರ್ಡಿಗೆ ಸಹಿನೇ ಹಾಕಲ್ಲ."

ನನಗೆ ನಾಚಿಕೆಯಾಯಿತು. ಪ್ರಯೋಗಾಲಯದಲ್ಲಿ ಕಲಿತಿದ್ದನ್ನು ನಾನು ಅಲ್ಲೇ ಬಿಟ್ಟು ಬಂದಿದ್ದೆ. ಮೂರು ಸಲ ಹೋಗಿ ನಾನು ಹೇಳಿದ್ದು "ನಡುಗುತ್ತೆ" ಎಂಬ ಒಂದೇ ಮಾತು. ಅದು ದೂರು, ನಿಜ, ಆದರೆ ಸಾಕ್ಷ್ಯವಲ್ಲ.

ಗಾಡಿಯೇ ಪ್ರಯೋಗಾಲಯ

ಮುಂದಿನ ಭಾನುವಾರ ಬೆಳಿಗ್ಗೆ, ರಸ್ತೆ ಖಾಲಿಯಿದ್ದಾಗ, ನಾವಿಬ್ಬರೂ ಹೊರಟೆವು. ಗಾಡಿ ಓಡಿಸುವುದು ನನ್ನ ಕೆಲಸ, ಬರೆಯುವುದು ಅವಳ ಕೆಲಸ. (ನೀವು ಹೀಗೆ ಮಾಡುವುದಾದರೆ ಇದನ್ನು ಮರೆಯಬೇಡಿ: ಓಡಿಸುವವರ ಕಣ್ಣು ರಸ್ತೆಯ ಮೇಲೇ ಇರಬೇಕು, ವೇಗದ ಮಿತಿಯನ್ನು ಮೀರಬಾರದು.) ಒಂದು ಸಲಕ್ಕೆ ಒಂದು ಅಂಶವನ್ನು ಮಾತ್ರ ಬದಲಿಸಿ ಉಳಿದುದನ್ನು ಹಾಗೇ ಇಡಬೇಕು ಎಂಬ ಪ್ರಯೋಗಾಲಯದ ನಿಯಮವನ್ನೇ ಅನುಸರಿಸಿದೆವು.

ಮೊದಲನೆಯದು: 80 ಕಿಲೋಮೀಟರ್ ವೇಗದಲ್ಲಿ ನಾಲ್ಕನೆಯ ಗೇರಿನಲ್ಲಿ ಒಮ್ಮೆ, ಐದನೆಯ ಗೇರಿನಲ್ಲಿ ಒಮ್ಮೆ ಓಡಿಸಿದೆವು. ಗೇರು ಬದಲಾದಾಗ ಎಂಜಿನ್ ಸುತ್ತುವ ವೇಗ ಬದಲಾಗುತ್ತದೆ, ಚಕ್ರ ಸುತ್ತುವ ವೇಗ ಬದಲಾಗುವುದಿಲ್ಲ. ನಡುಕ ಎರಡರಲ್ಲೂ ಒಂದೇ ತೆರನಾಗಿತ್ತು. ಎರಡನೆಯದು: ಗಾಡಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಎಂಜಿನ್ನನ್ನು ಅಷ್ಟೇ ಸುತ್ತುಗಳಿಗೆ ಏರಿಸಿದೆವು. ನಡುಕವಿಲ್ಲ. ಅಂದರೆ ದೋಷ ಎಂಜಿನ್ ಕಡೆಯದಲ್ಲ, ಚಕ್ರದ ಕಡೆಯದು ಎಂದಾಯಿತು.

ಇನ್ನು ಒಂದು ಸಣ್ಣ ಲೆಕ್ಕ. ನಮ್ಮ ಚಕ್ರದ ಸುತ್ತಳತೆ ಸುಮಾರು 1.85 ಮೀಟರ್. ಗಂಟೆಗೆ 80 ಕಿಲೋಮೀಟರ್ ಎಂದರೆ ಸೆಕೆಂಡಿಗೆ 22.2 ಮೀಟರ್. ಭಾಗಿಸಿ ನೋಡಿ: ಚಕ್ರ ಸೆಕೆಂಡಿಗೆ 12 ಸುತ್ತು ಸುತ್ತುತ್ತದೆ. ಚಕ್ರದಲ್ಲಿ ಎಲ್ಲಾದರೂ ಸೊಟ್ಟವಿದ್ದರೆ ಅದು ಸೆಕೆಂಡಿಗೆ 12 ಸಲ ಗಾಡಿಯನ್ನು ತಳ್ಳುತ್ತದೆ. ಸ್ಟೀರಿಂಗ್ ಮತ್ತು ಸಸ್ಪೆನ್ಷನ್ ಭಾಗಗಳಿಗೂ ತಮ್ಮದೇ ಆದ ಸ್ವಾಭಾವಿಕ ಕಂಪನವಿದೆ. ಎರಡೂ ಹೊಂದಿಕೊಂಡಾಗ ನಡುಕ ದೊಡ್ಡದಾಗುತ್ತದೆ. ವೇಗ ಇನ್ನೂ ಹೆಚ್ಚಿದರೆ ಹೊಂದಿಕೆ ತಪ್ಪಿ ಕಡಿಮೆಯಾಗುತ್ತದೆ. ನೀವು ತರಗತಿಯಲ್ಲಿ ಓದುವ ಅನುರಣನ ಎಂದರೆ ಇದೇ. ಶೋರೂಮಿನ ಆವರಣದಲ್ಲಿ 20 ಕಿಲೋಮೀಟರ್ ವೇಗದಲ್ಲಿ ಸುತ್ತಿದ ಹುಡುಗನಿಗೆ ಅದು ಕಾಣಲಿಲ್ಲ ಎಂದರೆ ಆಶ್ಚರ್ಯವೇನು? ಅವನು ಸುಳ್ಳು ಹೇಳಿರಲಿಲ್ಲ. ದೋಷ ಹೊರಬೀಳುವ ಸ್ಥಿತಿಯಲ್ಲಿ ನೋಡಿರಲಿಲ್ಲ, ಅಷ್ಟೆ.

ಕೊನೆಯದಾಗಿ, ನಮ್ಮ ಬೀದಿಯ ಪಂಕ್ಚರ್ ಅಂಗಡಿಯಲ್ಲಿ ಮುಂದಿನ ಚಕ್ರಗಳನ್ನು ಒಂದೊಂದಾಗಿ ಹಿಂದಿನದರೊಡನೆ ಅದಲು ಬದಲು ಮಾಡಿಸಿ ಓಡಿಸಿದೆವು. ಮುಂದಿನ ಎಡ ಚಕ್ರವನ್ನು ಹಿಂದಕ್ಕೆ ಹಾಕಿದಾಗ ನಡುಕ ಸ್ಟೀರಿಂಗ್ ಬಿಟ್ಟು ಸೀಟಿಗೆ ಬಂತು! ಮುಂಚಕ್ರದ ದೋಷ ಸಾಮಾನ್ಯವಾಗಿ ಕೈಗೆ ತಿಳಿಯುತ್ತದೆ, ಹಿಂಚಕ್ರದ ದೋಷ ಕುಳಿತ ಜಾಗಕ್ಕೆ ತಿಳಿಯುತ್ತದೆ. ನಾಲ್ಕು ಚಕ್ರಗಳಲ್ಲಿ ತಪ್ಪಿತಸ್ಥ ಯಾವುದೆಂದು ಗೊತ್ತಾಯಿತು.

ಇಷ್ಟನ್ನೂ ದಿನಾಂಕ, ಮೀಟರ್ ರೀಡಿಂಗ್ ಸಹಿತ ಒಂದು ಪುಟದ ಕೋಷ್ಟಕವಾಗಿ ಬರೆದು, ಜೊತೆಗೆ ಹಿಂದಿನ ಮೂರು ಭೇಟಿಗಳ ವಿವರ ಸೇರಿಸಿ, ಡೀಲರಿಗೂ ತಯಾರಕ ಕಂಪನಿಗೂ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿದೆ. ಇ-ಮೇಲ್ ಕೂಡ ಮಾಡಿದೆ. ಪತ್ರದಲ್ಲಿ ಒಂದೂ ಬೈಗುಳವಿರಲಿಲ್ಲ. "ಆ ಟೈರನ್ನು ಬೇರೆ ರಿಮ್ಮಿಗೆ ಹಾಕಿ ನನ್ನ ಎದುರಿನಲ್ಲೇ ಓಡಿಸಿ ನೋಡಬೇಕು, 15 ದಿನಗಳಲ್ಲಿ ಉತ್ತರಿಸಬೇಕು" ಎಂದಷ್ಟೇ ಕೇಳಿದ್ದೆ. ಎಂಟನೆಯ ದಿನ ಕಂಪನಿಯ ಎಂಜಿನಿಯರ್ ಫೋನ್ ಮಾಡಿದರು. ಟೈರ್ ಸರಿಯಾಗಿಯೇ ಇತ್ತು. ಉಕ್ಕಿನ ರಿಮ್ ಸೊಟ್ಟಗಿತ್ತು. ರಿಮ್ ಪೂರ್ತಿ ದುಂಡಗಿಲ್ಲದಿದ್ದರೆ ತೂಕವನ್ನು ಎಷ್ಟು ಬ್ಯಾಲೆನ್ಸ್ ಮಾಡಿದರೂ ನಡುಕ ಹೋಗುವುದಿಲ್ಲ. ವಾರಂಟಿಯಲ್ಲಿ ಹೊಸ ರಿಮ್ ಹಾಕಿಕೊಟ್ಟರು. ಐದು ತಿಂಗಳ ಗೋಳು ಒಂದು ಮಧ್ಯಾಹ್ನದಲ್ಲಿ ಮುಗಿಯಿತು. ಮ್ಯಾನೇಜರ್ ಆ ದಿನವೂ ಟೀ ತರಿಸಿದರು. ಈ ಸಲ ರುಚಿಸಿತು.

ಜಾಬ್ ಕಾರ್ಡ್ ಎಂಬ ದಾಖಲೆ

ಎಲ್ಲರ ಕತೆಯೂ ಇಷ್ಟು ಸುಲಭವಾಗಿ ಮುಗಿಯುವುದಿಲ್ಲ. ಆಗ ಕೈಯಲ್ಲಿ ಏನಿದೆ ಎಂಬುದು ಮುಖ್ಯವಾಗುತ್ತದೆ. ಸರ್ವಿಸ್‌ಗೆ ಗಾಡಿ ಬಿಡುವಾಗ ಬರೆಯುವ ಜಾಬ್ ಕಾರ್ಡ್ ಬರಿಯ ರಸೀದಿಯಲ್ಲ. ನೀವು ಯಾವ ದಿನ, ಎಷ್ಟು ಕಿಲೋಮೀಟರಿಗೆ, ಏನೆಂದು ದೂರು ಕೊಟ್ಟಿರಿ ಎಂಬುದಕ್ಕೆ ಅದೇ ಮುಖ್ಯ ಪುರಾವೆ. ಆದ್ದರಿಂದ ಈ ನಾಲ್ಕು ಅಭ್ಯಾಸಗಳನ್ನು ರೂಢಿಸಿಕೊಳ್ಳಿ.

ಒಂದು, ದೂರು ನಿಮ್ಮ ಮಾತಿನಲ್ಲೇ ಇರಲಿ. "ಚೆಕಪ್" ಎಂದು ಬರೆದಿದ್ದರೆ ತಿದ್ದಿಸಿ, "75ರಿಂದ 90 ಕಿ.ಮೀ. ವೇಗದಲ್ಲಿ ಸ್ಟೀರಿಂಗ್ ನಡುಗುತ್ತದೆ" ಎಂದು ಬರೆಸಿ. ಎರಡು, ಅದೇ ದೋಷಕ್ಕೆ ಮತ್ತೆ ಹೋದಾಗ "ಎರಡನೆಯ ಸಲ", "ಮೂರನೆಯ ಸಲ" ಎಂದು ನಮೂದಾಗಲಿ. ಮೂರು, ಗಾಡಿ ವಾಪಸು ಪಡೆಯುವಾಗ ಓಡಿಸಿ ನೋಡುವ ಮೊದಲು "ಕೆಲಸ ತೃಪ್ತಿಕರವಾಗಿದೆ" ಎಂಬ ಕಾಗದಕ್ಕೆ ಸಹಿ ಹಾಕಬೇಡಿ. ದೋಷ ಉಳಿದಿದ್ದರೆ ಅದನ್ನೇ ಬರೆದು ಸಹಿ ಮಾಡಿ. ನಾಲ್ಕು, ಪ್ರತಿಯೊಂದು ಕಾಗದದ ನಕಲನ್ನು ಕೇಳಿ ಪಡೆಯಿರಿ. ಸದ್ದು, ಸೋರಿಕೆಗಳನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಡಿ.

ವಾರಂಟಿ ಪುಸ್ತಕವನ್ನೂ ಓದಿ. ಬ್ರೇಕ್ ಪ್ಯಾಡ್, ವೈಪರ್ ರಬ್ಬರ್‌ಗಳಂಥ ಸವೆಯುವ ಭಾಗಗಳಿಗೆ ಸಾಮಾನ್ಯವಾಗಿ ಪೂರ್ಣ ವಾರಂಟಿ ಇರುವುದಿಲ್ಲ. ಟೈರು, ಬ್ಯಾಟರಿಗಳಿಗೆ ಅವುಗಳನ್ನು ತಯಾರಿಸಿದ ಕಂಪನಿಯೇ ವಾರಂಟಿ ಕೊಡುವುದು ರೂಢಿ. ನೀವು ಆಸೆಪಟ್ಟು ಹೊರಗಡೆ ಹಾಕಿಸುವ ಬಣ್ಣದ ದೀಪ, ಜೋರು ಹಾರನ್‌ಗಳಿಗಾಗಿ ವೈರ್ ಕತ್ತರಿಸಿದ್ದರೆ, ಮುಂದೆ ವಿದ್ಯುತ್ ದೋಷ ಬಂದಾಗ ಡೀಲರಿಗೆ "ಇಲ್ಲ" ಎನ್ನಲು ನೀವೇ ದಾರಿ ಮಾಡಿಕೊಟ್ಟಂತೆ. ಬೈಕು, ಸ್ಕೂಟರುಗಳಿಗೂ ಈ ಮಾತು ಅನ್ವಯಿಸುತ್ತದೆ.

ಕಾನೂನಿನ ಬಾಗಿಲು

ಡೀಲರ್ ಕೇಳಲಿಲ್ಲ, ಕಂಪನಿಯೂ ಉತ್ತರಿಸಲಿಲ್ಲ ಎನ್ನೋಣ. ಮುಂದೇನು? ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ಅದು ನ್ಯಾಯಾಲಯವಲ್ಲ, ಆದೇಶ ಮಾಡಲಾರದು. ಆದರೆ ನಿಮ್ಮ ದೂರನ್ನು ಕಂಪನಿಗೆ ತಲುಪಿಸಿ ಉತ್ತರ ಕೇಳುತ್ತದೆ. ಅಲ್ಲಿಯೂ ಆಗದಿದ್ದರೆ ಗ್ರಾಹಕ ಆಯೋಗವಿದೆ.

ನಮ್ಮ ದೇಶದಲ್ಲಿ ಗ್ರಾಹಕ ಸಂರಕ್ಷಣಾ ಕಾಯಿದೆ ಮೊದಲು ಬಂದದ್ದು 1986ರಲ್ಲಿ. ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿದ್ದ ಡಿಸೆಂಬರ್ 24ನ್ನು ರಾಷ್ಟ್ರೀಯ ಗ್ರಾಹಕ ದಿನವೆಂದು ಆಚರಿಸುತ್ತೇವೆ. ಅದರ ಜಾಗಕ್ಕೆ ಬಂದ 2019ರ ಹೊಸ ಕಾಯಿದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ಕೊಂಡ ವಸ್ತುವಿನ ಗುಣಮಟ್ಟ, ಪ್ರಮಾಣ, ಸಾಮರ್ಥ್ಯಗಳಲ್ಲಿ ಇರಬೇಕಾದುದು ಇಲ್ಲದಿದ್ದರೆ ಅದು ದೋಷ. ಕೊಡಬೇಕಾದ ಸೇವೆಯನ್ನು ಸರಿಯಾಗಿ ಕೊಡದಿದ್ದರೆ ಅದು ಸೇವಾ ನ್ಯೂನತೆ. ಕೆಟ್ಟ ರಿಮ್ ದೋಷ. ಅದನ್ನು ಐದು ತಿಂಗಳು ಗಮನಿಸದಿದ್ದುದು ಸೇವಾ ನ್ಯೂನತೆ. ಮೊದಲನೆಯದಕ್ಕೆ ಹೆಚ್ಚಾಗಿ ತಯಾರಕರನ್ನೂ, ಎರಡನೆಯದಕ್ಕೆ ಡೀಲರನ್ನೂ ಕೇಳಬೇಕಾಗುವುದರಿಂದ ಇಬ್ಬರನ್ನೂ ಎದುರುದಾರರನ್ನಾಗಿ ಸೇರಿಸುವುದು ವಾಡಿಕೆ.

ವಸ್ತುವಿಗೆ ತೆತ್ತ ಹಣ 50 ಲಕ್ಷ ರೂ.ವರೆಗೆ ಇದ್ದರೆ ಜಿಲ್ಲಾ ಆಯೋಗಕ್ಕೆ, ಅದನ್ನು ಮೀರಿ 2 ಕೋಟಿ ರೂ.ವರೆಗೆ ರಾಜ್ಯ ಆಯೋಗಕ್ಕೆ, ಅದಕ್ಕೂ ಮೇಲೆ ರಾಷ್ಟ್ರೀಯ ಆಯೋಗಕ್ಕೆ ದೂರು ಸಲ್ಲಬೇಕು. 5 ಲಕ್ಷ ರೂ.ವರೆಗಿನ ವಸ್ತುವಿಗೆ ಶುಲ್ಕವೇ ಇಲ್ಲ. 10 ಲಕ್ಷದವರೆಗೆ 200 ರೂ., 20 ಲಕ್ಷದವರೆಗೆ 400 ರೂ. ಮಾತ್ರ. ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದಿಲ್ಲ, ನೀವೇ ವಾದಿಸಬಹುದು. ಬೆಂಗಳೂರಿನಲ್ಲಿ ಗಾಡಿ ಕೊಂಡ ರಾಯಚೂರಿನವರು ರಾಯಚೂರಿನಲ್ಲೇ ದೂರು ಕೊಡಬಹುದು. ದೂರುದಾರ ವಾಸಿಸುವ ಅಥವಾ ದುಡಿಯುವ ಸ್ಥಳದ ಆಯೋಗವೂ ಆದೀತು ಎಂದು 2019ರ ಕಾಯಿದೆ ಹೇಳುತ್ತದೆ. ಆದರೆ ದೂರಿಗೆ ಕಾರಣ ಉಂಟಾದ ದಿನದಿಂದ 2 ವರ್ಷಗಳೊಳಗೆ ಹೋಗಬೇಕು. "ಮುಂದಿನ ವಾರ ಬನ್ನಿ" ಎಂಬ ಮಾತನ್ನು ನಂಬಿ ಅಲೆಯುತ್ತಿರುವಾಗ ಈ ಗಡುವು ತನ್ನಷ್ಟಕ್ಕೆ ಕರಗುತ್ತಿರುತ್ತದೆ.

ವ್ಯಾಪಾರದ ಉದ್ದೇಶಕ್ಕೆ ಕೊಂಡ ಗಾಡಿಗೆ ಈ ರಕ್ಷಣೆ ಇಲ್ಲ. ಆದರೆ ಒಬ್ಬ ಚಾಲಕ ತನ್ನ ಜೀವನೋಪಾಯಕ್ಕಾಗಿ ಟ್ಯಾಕ್ಸಿ ಕೊಂಡು ಸ್ವಯಂ ಉದ್ಯೋಗ ಮಾಡುತ್ತಿದ್ದರೆ ಆತನೂ ಗ್ರಾಹಕನೇ.

ಮೂರು ತೀರ್ಪುಗಳು, ಮೂರು ಪಾಠಗಳು

ಸರ್ವೋಚ್ಚ ನ್ಯಾಯಾಲಯದ ಮೂರು ತೀರ್ಪುಗಳನ್ನು ನೋಡಿದರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ.

2006ರ ಒಂದು ಪ್ರಕರಣದಲ್ಲಿ ಕಾರಿನ ಕ್ಲಚ್ ಕೆಲಸ ಮಾಡುವುದರಲ್ಲಿ ದೋಷವಿತ್ತು. ಕೆಳಗಿನ ಹಂತದಲ್ಲಿ ಇಡೀ ಕಾರನ್ನೇ ಬದಲಿಸಿಕೊಡಬೇಕೆಂದು ಆದೇಶವಾಗಿತ್ತು. ಸರ್ವೋಚ್ಚ ನ್ಯಾಯಾಲಯ ಒಪ್ಪಲಿಲ್ಲ. ವಾರಂಟಿಯಲ್ಲಿ ಹೇಳಿರುವುದು ದೋಷವಿರುವ ಭಾಗವನ್ನು ಬದಲಿಸುವುದನ್ನೇ ಹೊರತು ಕಾರನ್ನಲ್ಲ ಎಂದಿತು. ಪಾಠ: ದೋಷಕ್ಕೆ ತಕ್ಕ ಪರಿಹಾರ ಕೇಳಿ. ಕನ್ನಡಿ ಅಲ್ಲಾಡಿದ್ದಕ್ಕೆ ಹೊಸ ಕಾರು ಕೇಳಿದರೆ ನ್ಯಾಯವಾದ ಬೇಡಿಕೆಯೂ ಹಗುರಾಗುತ್ತದೆ.

2021ರ ತೀರ್ಪು ಗೋವಾದ ಪ್ರಕರಣವೊಂದರದು. 2009ರಲ್ಲಿ ತಯಾರಾದ ಕಾರನ್ನು ಡೀಲರ್ 2011ರಲ್ಲಿ ಹೊಸತೆಂದು ಮಾರಿದ್ದರು. ಡೀಲರ್ ಮಾಡಿದ ಆ ತಪ್ಪಿನಲ್ಲಿ ತಯಾರಕ ಕಂಪನಿಗೆ ಪಾಲಿತ್ತೆಂದು ಸಾಬೀತಾಗದ ಕಾರಣ ಅದರ ಮೇಲೆ ಹೊಣೆ ಹೊರಿಸಲಾಗದೆಂದು ನ್ಯಾಯಾಲಯ ಹೇಳಿತು. ಪಾಠ: ಯಾರು ಏನು ಮಾಡಿದರೆಂದು ಬಿಡಿಸಿ ತೋರಿಸಬೇಕು. ಇನ್ನೊಂದು ಪಾಠವೂ ಇದೆ. ಡೆಲಿವರಿ ಪಡೆಯುವಾಗ, ಸಾಧ್ಯವಾದರೆ ನೋಂದಣಿಗೂ ಮೊದಲೇ, ತಯಾರಾದ ತಿಂಗಳು ಮತ್ತು ವರ್ಷವನ್ನು ಕೇಳಿ. ಗಾಡಿಯ ಮೇಲಿನ 17 ಅಕ್ಷರ–ಅಂಕಿಗಳ ಷಾಸಿ ಸಂಖ್ಯೆ ಕಾಗದಗಳಲ್ಲಿ ಇರುವುದರೊಡನೆ ತಾಳೆಯಾಗುತ್ತದೆಯೇ, ಮೀಟರ್ ಎಷ್ಟು ಕಿಲೋಮೀಟರ್ ತೋರಿಸುತ್ತದೆ, ಬಣ್ಣ ಎಲ್ಲಾದರೂ ಮತ್ತೆ ಬಳಿದಂತಿದೆಯೇ, ಹಗಲು ಬೆಳಕಿನಲ್ಲಿ ನೋಡಿ. ರಾಹುಕಾಲಕ್ಕೆ ಮೊದಲು ಹೊರಡುವ ಆತುರದಲ್ಲಿ ನಾವು ಮರೆಯುವುದು ಇದನ್ನೇ.

ಮೂರನೆಯದು 2022ರ ಏಪ್ರಿಲ್‌ನದು. ವಿಜ್ಞಾನ ವಿದ್ಯಾರ್ಥಿಗಳು ಓದಲೇಬೇಕಾದದ್ದು. 2015ರಲ್ಲಿ ಕೊಂಡ ಒಂದು ಕಾರು 2017ರ ನವೆಂಬರ್‌ನಲ್ಲಿ ದೆಹಲಿ–ಪಾಣಿಪತ್ ಹೆದ್ದಾರಿಯಲ್ಲಿ ಅಪಘಾತಕ್ಕೀಡಾಯಿತು. ಏರ್‌ಬ್ಯಾಗುಗಳು ತೆರೆದುಕೊಳ್ಳಲೇ ಇಲ್ಲ, ಒಳಗಿದ್ದವರಿಗೆ ಗಾಯಗಳಾದವು. ಏರ್‌ಬ್ಯಾಗ್ ತೆರೆಯುವಷ್ಟು ಬಲದ ಹೊಡೆತ ಬಿದ್ದಿರಲಿಲ್ಲ ಎಂಬ ಧಾಟಿಯಲ್ಲಿ ಕಂಪನಿ ವಾದಿಸಿತು. ಆದರೆ ವೇಗ, ಬಲಗಳ ಸಿದ್ಧಾಂತದಿಂದ ಡಿಕ್ಕಿಯ ಪರಿಣಾಮವನ್ನು ಲೆಕ್ಕ ಹಾಕಲು ಗ್ರಾಹಕ ಭೌತಶಾಸ್ತ್ರದ ಪರಿಣತನಾಗಿರಬೇಕೆಂದು ನಿರೀಕ್ಷಿಸಲಾಗದು ಎಂದು ನ್ಯಾಯಾಲಯ ಹೇಳಿತು. ಕಾರನ್ನು ಬದಲಿಸಿಕೊಡಬೇಕು, ಒಟ್ಟು 3 ಲಕ್ಷ ರೂ. ಪರಿಹಾರ ಕೊಡಬೇಕು ಎಂಬ ಆದೇಶ ಉಳಿಯಿತು.

ಹಾಗಾದರೆ ನನ್ನ ಮಗಳ ಕೋಷ್ಟಕ ವ್ಯರ್ಥವೇ? ಅಲ್ಲ. ದೋಷ ಏಕೆ ಬಂತೆಂದು ವಿವರಿಸಬೇಕಾದುದು ನಿಮ್ಮ ಕೆಲಸವಲ್ಲ. ದೋಷ ಇದೆ ಎಂದು ತೋರಿಸುವುದು ಮಾತ್ರ ಸಾಮಾನ್ಯವಾಗಿ ನಿಮ್ಮದೇ ಹೊಣೆ. ಅಪಘಾತದಲ್ಲಿ ತೆರೆಯದ ಏರ್‌ಬ್ಯಾಗ್ ತಾನೇ ಸಾಕ್ಷಿ ಹೇಳುತ್ತದೆ. ಆಗೊಮ್ಮೆ ಈಗೊಮ್ಮೆ ಬರುವ ನಡುಕ, ಸದ್ದು, ತಾನಾಗಿ ನಿಲ್ಲುವ ಎಂಜಿನ್ ಹಾಗೆ ಹೇಳುವುದಿಲ್ಲ. ಅವುಗಳ ಪರವಾಗಿ ನಿಮ್ಮ ಕಾಗದಗಳು ಮಾತನಾಡಬೇಕು. ಅಗತ್ಯವಿದ್ದರೆ ಆಯೋಗವೇ ತಜ್ಞರಿಂದ ಪರೀಕ್ಷೆ ಮಾಡಿಸುತ್ತದೆ.

ದಾರಿ ಉದ್ದವಿದೆ ಎಂಬುದನ್ನೂ ಮುಚ್ಚಿಡಬಾರದು. ದೂರನ್ನು 3 ತಿಂಗಳಲ್ಲಿ, ಪರೀಕ್ಷೆ ಬೇಕಾದರೆ 5 ತಿಂಗಳಲ್ಲಿ ಇತ್ಯರ್ಥ ಮಾಡಲು ಪ್ರಯತ್ನಿಸಬೇಕೆಂದು ಕಾಯಿದೆ ಹೇಳುತ್ತದೆ. ಆದರೆ ಮೇಲಿನ ಪ್ರಕರಣದಲ್ಲಿ ಅಪಘಾತಕ್ಕೂ ಕೊನೆಯ ತೀರ್ಪಿಗೂ ನಡುವೆ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಸರಿಯಿತು. ಆದ್ದರಿಂದಲೇ ಮೊದಲ ಜಾಬ್ ಕಾರ್ಡಿನಲ್ಲೇ ಎಚ್ಚರವಾಗಿರುವುದು ಲೇಸು.

ನಿಮ್ಮ ದೂರು ಇನ್ನೊಬ್ಬರ ಜೀವ

ಬ್ರೇಕು, ಸ್ಟೀರಿಂಗ್, ಏರ್‌ಬ್ಯಾಗುಗಳ ದೋಷ ಒಂದೇ ಮನೆಯ ತೊಂದರೆಯಲ್ಲ. ಒಂದೇ ಕಾರ್ಖಾನೆಯಿಂದ ಒಂದೇ ತಂಡದಲ್ಲಿ ಹೊರಬಂದ ಸಾವಿರಾರು ಗಾಡಿಗಳಲ್ಲಿ ಅದೇ ಬಿಡಿಭಾಗ ಇರಬಹುದು. ಇಂಥ ಸಂದರ್ಭಕ್ಕಾಗಿ 2019ರಲ್ಲಿ ಮೋಟಾರು ವಾಹನ ಕಾಯಿದೆಗೆ 110ಎ ಎಂಬ ಪ್ರಕರಣವನ್ನು ಸೇರಿಸಲಾಯಿತು. ದೋಷ ಜನರಿಗೆ ಅಥವಾ ಪರಿಸರಕ್ಕೆ ಅಪಾಯ ತರುವಂತಿದ್ದು, ನಿಗದಿತ ಪ್ರಮಾಣದ ಮಾಲೀಕರಿಂದ ದೂರು ಬಂದರೆ, ಆ ವಾಹನಗಳನ್ನು ಹಿಂದಕ್ಕೆ ಕರೆಸಿಕೊಳ್ಳುವಂತೆ ತಯಾರಕರಿಗೆ ಕೇಂದ್ರ ಸರ್ಕಾರ ಆದೇಶಿಸಬಹುದು.

"ನಿಗದಿತ ಪ್ರಮಾಣದ ಮಾಲೀಕರಿಂದ ದೂರು" ಎಂಬ ಮಾತನ್ನು ಗಮನಿಸಿದಿರಾ? ದಾಖಲಾಗದ ದೂರು ಲೆಕ್ಕಕ್ಕೆ ಬರುವುದಿಲ್ಲ. ಟೀ ಕುಡಿದು ಸುಮ್ಮನೆ ಮನೆಗೆ ಮರಳುವ ಪ್ರತಿಯೊಬ್ಬರೂ, ತಮಗೆ ತಿಳಿಯದಂತೆ, ಇನ್ನೊಂದು ಮನೆಯವರನ್ನು ಅದೇ ಅಪಾಯಕ್ಕೆ ಒಡ್ಡಿದಂತಾಗಬಹುದು.

ಮಿತ್ರರೇ, ಜಾಬ್ ಕಾರ್ಡು, ವಾರಂಟಿ ಪುಸ್ತಕಗಳು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರಗಳಲ್ಲಿ ಇರುತ್ತವೆ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಅವನ್ನು ಓದಿ ಹೇಳಬಲ್ಲವರು ನೀವೇ. ಮುಂದಿನ ಸಲ ಅಪ್ಪ ಗಾಡಿ ಸರ್ವಿಸ್‌ಗೆ ಬಿಡಲು ಹೊರಟಾಗ ನೀವೂ ಜೊತೆಗೆ ಹೋಗಿ. ಜಗಳವಾಡಲು ಅಲ್ಲ, ಜೇಬಿನಲ್ಲೊಂದು ಪೆನ್ನು ಇಟ್ಟುಕೊಂಡು, ಸಹಿ ಹಾಕುವ ಮುನ್ನ ಆ ಕಾಗದವನ್ನು ಒಮ್ಮೆ ಓದಲು. ನನ್ನ ಮನೆಯಲ್ಲಿ ಈಗಲೂ ಗಾಡಿಯ ಡ್ಯಾಷ್‌ಬೋರ್ಡಿನೊಳಗೆ ಒಂದು ನೋಟ್‌ಬುಕ್ ಇದೆ. ಅದರ ಮೊದಲ ಪುಟದಲ್ಲಿ ಮಗಳು ಎಳೆದ ಕೋಷ್ಟಕವಿದೆ. ಕೆಳಗೆ, ಅವಳ ಒತ್ತಾಯಕ್ಕೆ, "ಪರಿಶೀಲಿಸಲಾಗಿದೆ" ಎಂದು ಬರೆದು ನಾನು ಹಾಕಿದ ಸಹಿಯೂ ಇದೆ.